ಸೇತುವೆ ಮೇಲೆ ಬಸವ, ಮನೆ ಮೇಲೆ ಗುಮ್ಮಟ

ಇಂಗ್ಲೆಂಡಿನ ಕಾಟ್ಸ್‌ವೋಲ್ಡ್ಸ್ ಅಂದ ತಕ್ಷಣ ನಿಮ್ಮ ಕಣ್ಣೆದುರು ಏನು ಬರುತ್ತೆ? ಜೇನುಬಣ್ಣದ ಕಲ್ಲಿನ ಪುಟ್ಟ ಮನೆಗಳು, ಕಿಟಕಿಗೆ ಹಬ್ಬಿದ ಗುಲಾಬಿ ಬಳ್ಳಿ, ಹಸಿರು ಗುಡ್ಡ, ಅದರ ತುಂಬ ಕುರಿ. ಇನ್‌ಸ್ಟಾಗ್ರಾಮಿನಲ್ಲಿ ನೋಡಿ ನೋಡಿ ಎಲ್ಲರಿಗೂ ಗೊತ್ತಿರೋ ಚಿತ್ರವೇ. ಅದೇ ಗುಡ್ಡಗಳ ನಡುವೆ, ಓಕ್ ಮರಗಳ ಹಿಂದಿನಿಂದ ಈರುಳ್ಳಿ ಆಕಾರದ ಒಂದು ಹಸಿರು ಗುಮ್ಮಟ ಇಣುಕುತ್ತದೆ ಅಂದ್ರೆ ನಂಬ್ತೀರಾ? ಆ ಮನೆಗೆ ಹೋಗುವ ದಾರಿಯ ಸೇತುವೆ ಮೇಲೆ ಬಸವಣ್ಣಗಳು ಕಾಲು ಮಡಚಿ ಕೂತಿವೆ. ಸ್ವಲ್ಪ ಮೇಲಕ್ಕೆ ಹತ್ತಿದರೆ ಕೊಳದ ಪಕ್ಕ ಸೂರ್ಯನ ಗುಡಿ.

ಇದು ಸಿನಿಮಾ ಸೆಟ್ ಅಲ್ಲ, ನಮ್ಮವರು ಇತ್ತೀಚೆಗೆ ಕಟ್ಟಿದ ದೇವಸ್ಥಾನವೂ ಅಲ್ಲ. ಇನ್ನೂರು ವರ್ಷ ದಾಟಿದ, ಇಂಗ್ಲೆಂಡಿನ ಕಾನೂನು ಅತ್ಯುನ್ನತ ದರ್ಜೆಯ ರಕ್ಷಣೆ ಕೊಟ್ಟಿರುವ ಹಳ್ಳಿಬಂಗಲೆ. ಹೆಸರು ಸೀಜಿನ್‌ಕೋಟ್.

ಬ್ರಿಟನ್ನಿಗೆ ಹೋದವರೆಲ್ಲ ಲಂಡನ್ ಮ್ಯೂಸಿಯಮ್ಮಿನಲ್ಲಿ ಟಿಪ್ಪುವಿನ ಹುಲಿ ನೋಡಿ ಬರ್ತಾರೆ, ನಾನೂ ನೋಡಿದ್ದೇನೆ. ಆದರೆ ಕಂಪನಿ ಕಾಲದ ಕಥೆಯನ್ನು ಗಾಜಿನ ಪೆಟ್ಟಿಗೆಯಿಂದ ಆಚೆ, ಇಡೀ ಮನೆಯಾಗಿ, ತೋಟವಾಗಿ ನೋಡಬೇಕು ಅಂದ್ರೆ ಇಲ್ಲಿಗೇ ಬರಬೇಕು. ಈ ಕಥೆಯ ಒಂದು ಎಳೆ ನಮ್ಮ ಬೆಂಗಳೂರು, ಶ್ರೀರಂಗಪಟ್ಟಣದ ಕಡೆಗೂ ಹೋಗುತ್ತದೆ.

ಮೂವರು ಸಹೋದರರು

ಸೀಜಿನ್‌ಕೋಟ್ ಇರುವುದು ಗ್ಲಾಸ್ಟರ್‌ಶೈರ್ ಕೌಂಟಿಯಲ್ಲಿ, ಮೊರ್ಟನ್-ಇನ್-ಮಾರ್ಷ್ ಎಂಬ ಸಣ್ಣ ಪೇಟೆಯ ಹತ್ತಿರ. ಹೆಸರಿನಲ್ಲಿ ಭಾರತ ಇಲ್ಲ. ಓಕ್ ಮರಕ್ಕಿರುವ ಹಳೆಯ ಫ್ರೆಂಚ್ ಪದಕ್ಕೆ ಗುಡಿಸಲು ಎಂಬರ್ಥದ ಇಂಗ್ಲಿಷ್ ಪದ ಸೇರಿ ಬಂದದ್ದು ಅಂತ ಹೇಳ್ತಾರೆ. ನಮ್ಮ ಕಡೆ ‘ಆಲದಹಳ್ಳಿ’, ‘ಹುಣಸೆಕಟ್ಟೆ’ ಇದ್ದ ಹಾಗೆ.

1795ರಲ್ಲಿ ಈ ಎಸ್ಟೇಟನ್ನು ಕೊಂಡವನು ಕರ್ನಲ್ ಜಾನ್ ಕಾಕರೆಲ್. ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ಸೇನೆಯ ಅಧಿಕಾರಿ. ಲಾರ್ಡ್ ಕಾರ್ನ್‌ವಾಲಿಸ್ ಟಿಪ್ಪು ಸುಲ್ತಾನನ ಮೇಲೆ ನಡೆಸಿದ ಮೂರನೇ ಮೈಸೂರು ಯುದ್ಧದಲ್ಲಿ ಇದ್ದವನು. ಶಾಲೆಯಲ್ಲಿ ಓದಿದ್ದು ನೆನಪಿದೆಯಲ್ಲ: 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಬಿತ್ತು. ಮರುವರ್ಷ ಶ್ರೀರಂಗಪಟ್ಟಣದ ಒಪ್ಪಂದ ಆಯಿತು. ಟಿಪ್ಪು ಅರ್ಧ ರಾಜ್ಯ ಕಳೆದುಕೊಂಡ, 3 ಕೋಟಿ 30 ಲಕ್ಷ ರೂಪಾಯಿ ದಂಡ ಒಪ್ಪಿಕೊಂಡ, ಇಬ್ಬರು ಚಿಕ್ಕ ಗಂಡುಮಕ್ಕಳನ್ನು ಒತ್ತೆಯಾಳಾಗಿ ಕಳಿಸಿದ. ಆ ಯುದ್ಧ ಕಂಡ ಕೈ ಮೂರೇ ವರ್ಷದಲ್ಲಿ ಇಂಗ್ಲೆಂಡಿನ ಗುಡ್ಡದ ಮೇಲಿನ ಈ ಜಮೀನಿನ ಕ್ರಯಪತ್ರಕ್ಕೆ ಸಹಿ ಹಾಕಿತು.

ಜಾನ್ ಬಹಳ ದಿನ ಬಾಳಲಿಲ್ಲ. 1798ರಲ್ಲಿ ತೀರಿಕೊಂಡ. ಆಸ್ತಿ ಕೊನೆಗೆ ಸಹೋದರ ಚಾರ್ಲ್ಸ್ ಕಾಕರೆಲ್ ಕೈಗೆ ಬಂತು.

ಚಾರ್ಲ್ಸ್ ಬೇರೆಯೇ ತರದ ಆಸಾಮಿ. ಕತ್ತಿ ಹಿಡಿದವನಲ್ಲ, ಲೆಕ್ಕದ ಪುಸ್ತಕ ಹಿಡಿದವನು. 1776ರಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ ಬಂಗಾಳಕ್ಕೆ ಹೋದ. ಕಂಪನಿ ಕೆಲಸ ಮಾಡುತ್ತಾ ಮಾಡುತ್ತಾ ಕಲ್ಕತ್ತೆಯಲ್ಲಿ ಪೋಸ್ಟ್‌ಮಾಸ್ಟರ್ ಜನರಲ್ ಆದ, ಬ್ಯಾಂಕ್ ವ್ಯವಹಾರದಲ್ಲಿ ಪಾಲುದಾರನಾದ, ದೊಡ್ಡ ಶ್ರೀಮಂತನಾಗಿ ಊರಿಗೆ ಮರಳಿದ. ಹೀಗೆ ದುಡ್ಡು ಮಾಡಿಕೊಂಡು ಬಂದವರನ್ನು ಇಂಗ್ಲೆಂಡಿನ ಜನ ‘ನಬಾಬ್’ ಅಂತ ಕರೆಯುತ್ತಿದ್ದರು. ನಮ್ಮ ನವಾಬನೇ ಅಲ್ಲಿ ನಬಾಬ್ ಆದ. ಆ ಪದದಲ್ಲಿ ಗೌರವಕ್ಕಿಂತ ಹೊಟ್ಟೆಕಿಚ್ಚು, ತಿರಸ್ಕಾರವೇ ಜಾಸ್ತಿ.

ಮೂರನೆಯವನು ಸ್ಯಾಮ್ಯುಯೆಲ್ ಪೆಪಿಸ್ ಕಾಕರೆಲ್. ಚಾರ್ಲ್ಸ್‌ಗೆ ಅಣ್ಣ, ಕಸುಬಿನಲ್ಲಿ ವಾಸ್ತುಶಿಲ್ಪಿ. ಲಂಡನ್ನಿನ ಪ್ರಸಿದ್ಧ ದಿನಚರಿಕಾರ ಸ್ಯಾಮ್ಯುಯೆಲ್ ಪೆಪಿಸ್‌ನ ವಂಶದ ಕಡೆಯವನು, ಅದಕ್ಕೇ ಆ ಹೆಸರು. ಇಲ್ಲಿಂದ ಸ್ವಲ್ಪ ದೂರದಲ್ಲೇ, ಡೇಲ್ಸ್‌ಫರ್ಡ್‌ನಲ್ಲಿ, ವಾರನ್ ಹೇಸ್ಟಿಂಗ್ಸ್‌ಗೆ ಮನೆ ಕಟ್ಟಿಕೊಟ್ಟವನೂ ಇವನೇ. ಅಂದ್ರೆ ಭಾರತದಿಂದ ಮರಳಿದವರು ಅಕ್ಕಪಕ್ಕದ ಗುಡ್ಡಗಳಲ್ಲಿ ನೆಲೆಸಿ, ಒಬ್ಬನೇ ಮೇಸ್ತ್ರಿಯನ್ನು ಹಂಚಿಕೊಂಡರು ಅನ್ನಿ.

ಯುದ್ಧ ಮಾಡಿದವನೊಬ್ಬ, ದುಡ್ಡು ಮಾಡಿದವನೊಬ್ಬ, ನಕ್ಷೆ ಬರೆದವನೊಬ್ಬ. 1805ರ ಸುಮಾರಿಗೆ ಕೆಲಸ ಶುರುವಾಯಿತು. ಚಾರ್ಲ್ಸ್‌ಗೆ ಬೇಕಾಗಿದ್ದದ್ದು ಹಿಂದೂಸ್ತಾನದ ಮನೆ. ಅದನ್ನು ಬರೆಯಬೇಕಾದ ಅಣ್ಣ ಮಾತ್ರ ಹಿಂದೂಸ್ತಾನ ಕಂಡವನೇ ಅಲ್ಲ!

ನೋಡದ ದೇಶದ ಮನೆ ಕಟ್ಟೋದು ಹೇಗೆ?

ಇವತ್ತಾದರೆ ಪಿಂಟರೆಸ್ಟ್ ತೆಗೆದು ನೋಡಿಬಿಡ್ತೀವಿ. ಆಗಿನ ಪಿಂಟರೆಸ್ಟ್ ಅಂದ್ರೆ ‘ಓರಿಯೆಂಟಲ್ ಸೀನರಿ’. ಥಾಮಸ್ ಡ್ಯಾನಿಯೆಲ್ ಮತ್ತು ಅವನ ಅಣ್ಣನ ಮಗ ವಿಲಿಯಂ ಡ್ಯಾನಿಯೆಲ್, ಇಬ್ಬರೂ ಚಿತ್ರಕಾರರು, 1786ರಿಂದ ಏಳೆಂಟು ವರ್ಷ ಭಾರತ ಸುತ್ತಿದರು. ಹೊರಟಾಗ ವಿಲಿಯಂ ಇನ್ನೂ ಹದಿಹರೆಯದ ಹುಡುಗ. ಗಂಗೆಯ ಬಯಲು, ದಿಲ್ಲಿ, ಆಗ್ರಾ, ಹಿಮಾಲಯದ ತಪ್ಪಲು, ಆಮೇಲೆ ದಕ್ಷಿಣ. ಕ್ಯಾಮೆರಾ ಅಬ್ಸ್‌ಕ್ಯೂರಾ ಎಂಬ ಕತ್ತಲೆಪೆಟ್ಟಿಗೆಯಲ್ಲಿ ಮೂಡುವ ಬಿಂಬವನ್ನು ಕಾಗದದ ಮೇಲೆ ತಿದ್ದಿಕೊಂಡು ಕಟ್ಟಡಗಳ ಅಳತೆ ಆದಷ್ಟೂ ತಪ್ಪದಂತೆ ಬರೆಯುತ್ತಿದ್ದರು. ಊರಿಗೆ ಮರಳಿ 1795ರಿಂದ 1808ರವರೆಗೆ ಒಟ್ಟು 144 ಚಿತ್ರಗಳನ್ನು ಅಚ್ಚು ಹಾಕಿಸಿದರು.

ಆ ಚಿತ್ರಗಳಲ್ಲಿ ಬಾರಾಮಹಲ್‌ನ ದುರ್ಗಗಳೂ ಇವೆ. ಹೊಸೂರು ದಾಟಿದ ಮೇಲೆ ಸಿಗುವ ರಾಯಕೋಟೆ ಅವುಗಳಲ್ಲೊಂದು. ಡ್ಯಾನಿಯೆಲ್‌ಗಳು ಆ ಕಡೆ ಹೋದದ್ದು 1792ರಲ್ಲಿ, ಒಪ್ಪಂದವಾಗಿ ಆ ಸೀಮೆ ಟಿಪ್ಪುವಿನ ಕೈಯಿಂದ ಕಂಪನಿ ಕೈಗೆ ಬಂದ ಹೊಸದರಲ್ಲಿ. ಸೈನ್ಯ ಹೋದ ದಾರಿಯಲ್ಲೇ ಹಿಂದಿನಿಂದ ಕುಂಚ ಹೋಯಿತು. ಬೆಂಗಳೂರಿನಿಂದ ವೀಕೆಂಡ್ ಬೈಕ್ ರೈಡ್ ಅಂತ ರಾಯಕೋಟೆ ಬೆಟ್ಟ ಹತ್ತುವವರು ಒಮ್ಮೆ ಆ ಚಿತ್ರ ಹುಡುಕಿ ನೋಡಿ. ಬಂಡೆ ಬದಲಾಗಿಲ್ಲ.

ಸೀಜಿನ್‌ಕೋಟ್ ಕಟ್ಟುವಾಗ ಸ್ಯಾಮ್ಯುಯೆಲ್‌ಗೆ ಆ ಚಿತ್ರಗಳು ಸಿಕ್ಕವು, ಜೊತೆಗೆ ಖುದ್ದು ಥಾಮಸ್ ಡ್ಯಾನಿಯೆಲ್ ಸಿಕ್ಕ. ಮನೆ ಮುಖ್ಯವಾಗಿ ಕಾಕರೆಲ್‌ನದು, ತೋಟದೊಳಗಿನ ಗುಡಿ, ಸೇತುವೆ, ಕಾರಂಜಿ ಡ್ಯಾನಿಯೆಲ್‌ನದು.

ಹೊರಗೆ ಆಗ್ರಾ

ಮನೆಯೆದುರು ನಿಂತು ನಿಧಾನಕ್ಕೆ ನೋಡಬೇಕು. ಮೇಲೆ ತಾಮ್ರದ ತಗಡು ಹೊದಿಸಿದ ಗುಮ್ಮಟ. ಇಂಗ್ಲೆಂಡಿನ ಮಳೆ, ಗಾಳಿಗೆ ತಾಮ್ರ ಹಸಿರು ತಿರುಗಿದೆ. ನಮ್ಮಲ್ಲಿ ತೊಳೆಯದೆ ಬಿಟ್ಟ ತಾಮ್ರದ ಚೊಂಬಿಗೆ ಕಿಲುಬು ಹಿಡಿಯುತ್ತಲ್ಲ, ಅದೇ. ಆದರೆ ಚಾವಣಿಯ ಮೇಲೆ ಆ ಕಿಲುಬೇ ರಕ್ಷಣೆ, ಕೆಳಗಿನ ಲೋಹವನ್ನು ಅದು ಕಾಯುತ್ತದೆ. ಗುಮ್ಮಟದ ಸುತ್ತ ಮೂಲೆಮೂಲೆಗೆ ಪುಟ್ಟ ಛತ್ರಿಗಳು. ಕಿತ್ತಳೆ ಛಾಯೆಯ ಕಲ್ಲಿನ ಗೋಡೆ, ಫತೇಪುರ ಸಿಕ್ರಿಯ ಕೆಂಪುಕಲ್ಲನ್ನು ನೆನಪಿಗೆ ತರಲೆಂದೇ ಆರಿಸಿದ ಹಾಗಿದೆ. ಕಿಟಕಿಗಳ ಮೇಲೆ ನವಿಲು ಗರಿ ಬಿಚ್ಚಿದಂಥ ಕಮಾನು. ಸೂರಿನ ಕೆಳಗೆ ಮುಂದಕ್ಕೆ ಚಾಚಿದ ಕಲ್ಲಿನ ಛಜ್ಜಾ, ಅದರಡಿ ಸಾಲಾಗಿ ಆನಿಕೆ ಕಲ್ಲುಗಳು.

ಈ ಛಜ್ಜಾ ಬಗ್ಗೆ ಎರಡು ಮಾತು ಹೇಳಲೇಬೇಕು. ನಮ್ಮ ದೇಶದಲ್ಲಿ ಛಜ್ಜಾ ಬರೀ ಅಲಂಕಾರ ಅಲ್ಲ. ಸೂರ್ಯ ನೆತ್ತಿಯ ಹತ್ತಿರ ಇರುತ್ತಾನೆ, ಹಾಗಾಗಿ ಗೋಡೆಯಿಂದ ನಾಲ್ಕು ಅಡಿ ಮುಂದೆ ಬಂದ ಕಲ್ಲು ಇಡೀ ಕಿಟಕಿಗೆ ನೆರಳು ಕೊಡುತ್ತೆ. ಮೈಸೂರಿನಲ್ಲಿ ಡಿಸೆಂಬರ್ ಕೊನೆಯ ಮಧ್ಯಾಹ್ನದಲ್ಲೂ ಸೂರ್ಯ ದಿಗಂತದಿಂದ ಸುಮಾರು 54 ಡಿಗ್ರಿ ಎತ್ತರದಲ್ಲಿರುತ್ತಾನೆ. ಸೀಜಿನ್‌ಕೋಟ್ ಇರುವ ಅಕ್ಷಾಂಶದಲ್ಲಿ ಅದೇ ದಿನ ಅವನು ಏರುವುದು ಹೆಚ್ಚೆಂದರೆ 15 ಡಿಗ್ರಿ. ಅಂಥ ಓರೆಬಿಸಿಲನ್ನು ಯಾವ ಛಜ್ಜಾವೂ ತಡೆಯೋದಿಲ್ಲ, ತಡೆಯೋ ಅಗತ್ಯವೂ ಇಲ್ಲ. ಚಳಿಯಲ್ಲಿ ನಡುಗುವವರಿಗೆ ಬಿಸಿಲು ಒಳಗೆ ಬಂದಷ್ಟೂ ಒಳ್ಳೆಯದೇ ಅಲ್ವಾ? ಅಂದ್ರೆ ಭಾರತದಲ್ಲಿ ಕೆಲಸ ಮಾಡುತ್ತಿದ್ದ ಕಲ್ಲು ಇಲ್ಲಿ ಒಡವೆಯಾಗಿ ನಿಂತಿದೆ.

ಮನೆಯ ಪಕ್ಕದಿಂದ ಕುಡುಗೋಲಿನ ಹಾಗೆ ಬಾಗಿಕೊಂಡು ಹೋಗುವ ಗಾಜಿನ ಹಜಾರ ಇದೆ. ಕಿತ್ತಳೆ ಗಿಡದಂಥ ಚಳಿ ತಡೆಯದ ಸಸ್ಯಗಳನ್ನು ಕಾಪಾಡಲು ಶ್ರೀಮಂತರು ಕಟ್ಟಿಸುತ್ತಿದ್ದ ಆರೆಂಜರಿ. ಸಾಲು ಸಾಲು ಕಮಾನಿನ ಕಿಟಕಿ, ತುದಿಯಲ್ಲಿ ಎಂಟು ಮೂಲೆಯ ಮಂಟಪ. ನನಗೆ ಇಡೀ ಮನೆಯಲ್ಲಿ ತುಂಬ ಹಿಡಿಸಿದ್ದು ಇದೇ. ಗುಮ್ಮಟ ನೋಡಿದರೆ ‘ಇದು ಅದರ ನಕಲು’ ಅನ್ನಿಸಬಹುದು. ಈ ಬಾಗಿದ ಸಾಲು ಯಾವುದರ ನಕಲೂ ಅಲ್ಲ. ದಿಲ್ಲಿಯಲ್ಲೂ ಇಲ್ಲ, ಲಂಡನ್ನಿನಲ್ಲೂ ಇಲ್ಲ.

ಒಳಗೆ ಅಥೆನ್ಸ್

ಬಾಗಿಲು ದಾಟಿದಿರೋ, ಭಾರತ ಮಾಯ! ಒಳಗೆಲ್ಲ ಆ ಕಾಲದ ಯುರೋಪಿಯನ್ ಅಭಿರುಚಿ: ಗ್ರೀಕ್, ರೋಮನ್ ಮಾದರಿಯ ಕಂಬ, ಗೋಡೆಯ ಅಂಚಿನ ಗಾರೆಕೆಲಸ, ಅಗ್ಗಿಷ್ಟಿಕೆ. ಮೆಟ್ಟಿಲು ಒಂದಾಗಿ ಹೊರಟು ಎರಡು ಕವಲಾಗಿ ತೇಲಿಕೊಂಡು ಮೇಲೇರುತ್ತದೆ. ಮುಖ್ಯ ಕೋಣೆಗಳು ಮೊದಲ ಮಹಡಿಯಲ್ಲಿ, ಅಲ್ಲಿಂದ ಈವನ್‌ಲೋಡ್ ಕಣಿವೆಯ ಮೇಲೆ ಕಣ್ಣು ಹಾಯಿಸಬಹುದು.

ಯಾಕೆ ಹೀಗೆ? ನನಗೆ ಅನ್ನಿಸಿದ್ದು ಇಷ್ಟು. ಹೊರಗಿನ ಗೋಡೆ ನೋಡುವವರಿಗೆ, ಒಳಗಿನ ಗೋಡೆ ಬದುಕುವವರಿಗೆ. ಚಾರ್ಲ್ಸ್ ಕಾಕರೆಲ್ ಕುರ್ಚಿಯಲ್ಲಿ ಕೂತು ಊಟ ಮಾಡಬೇಕು, ಪಾರ್ಲಿಮೆಂಟ್ ಸದಸ್ಯನಾಗಿ ನೆರೆಯ ಜಮೀನ್ದಾರರನ್ನು ಕರೆಸಬೇಕು, ಅವರ ಕಣ್ಣಲ್ಲಿ ಇಂಗ್ಲಿಷ್ ಮರ್ಯಾದಸ್ಥ ಅನ್ನಿಸಿಕೊಳ್ಳಬೇಕು. 1809ರಲ್ಲಿ ಅವನಿಗೆ ಬ್ಯಾರನೆಟ್ ಪದವಿಯೂ ಬಂತು, ‘ಸರ್ ಚಾರ್ಲ್ಸ್’ ಆದ. ಹೊರಗೆ ಎಷ್ಟು ಬೇಕಾದರೂ ನಬಾಬ್ ಆಗಿರಲಿ, ಪಂಕ್ತಿಗೆ ಕೂತಾಗ ಎಲ್ಲರಂತೆ ಇರಬೇಕು. ಕೈತುಂಬ ಸಂಬಳ ಬಂದ ಮೇಲೆ ಮನೆಯ ಮುಂಭಾಗ ಒಂದು ಥರ, ಒಳಗೆ ಒಂದು ಥರ ಮಾಡಿಸಿಕೊಳ್ಳೋ ಆಸೆ ನಮಗೂ ಹೊಸದೇನಲ್ಲ ಬಿಡಿ.

“ಇಲ್ಲಿ ದೀಪ ಹಚ್ಚೋರು ಯಾರೇ?”

ನಾನು ಹೋದಾಗ ಜೊತೆಗೆ ಅಮ್ಮ ಇದ್ದಳು. ಮನೆಗಿಂತ ತೋಟವೇ ಅವಳಿಗೆ ಹಿಡಿಸಿತು. ಒಂದು ಊಟೆಯ ನೀರು ಗುಡ್ಡದ ಮೇಲಿನಿಂದ ಇಳಿಯುತ್ತಾ ಕೊಳದಿಂದ ಕೊಳಕ್ಕೆ ಹರಿಯುತ್ತದೆ. ಮೇಲಿನ ಕೊಳಕ್ಕೆ ಹೊಂದಿಕೊಂಡು ಸೂರ್ಯನ ಗುಡಿ. ಕೆಳಗೆ ಬಂದರೆ ಡ್ಯಾನಿಯೆಲ್‌ನ ಸೇತುವೆ, ಮುಂಬೈ ಹತ್ತಿರದ ಎಲಿಫೆಂಟಾ ಗುಹೆಯನ್ನು ನೆನಪಿಸುವ ದಪ್ಪ ಕಂಬಗಳು. ಸೇತುವೆಯ ಅಡಿಯಲ್ಲಿ ನೀರಿನ ನಡುವೆ ಹೆಜ್ಜೆ ಇಡಲು ಕಲ್ಲುಗಳು, ಕೂರಲು ಜಾಗ. ಬೇಸಿಗೆಯಲ್ಲಿ ಅಲ್ಲಿ ಕೂತರೆ ನೀರಿನ ಸದ್ದು ಬಿಟ್ಟರೆ ಬೇರೇನಿಲ್ಲ. ಇನ್ನೂ ಕೆಳಗೆ, ಮರದ ಬೊಡ್ಡೆಗೆ ಸುತ್ತಿಕೊಂಡ ಮೂರು ಹೆಡೆಯ ಹಾವು ಬಾಯಿಂದ ನೀರು ಚಿಮ್ಮಿಸುತ್ತಿರುತ್ತೆ.

ಹಾವು ನೋಡಿ ಅಮ್ಮ ‘ನಾಗಪ್ಪ’ ಅಂದಳು, ಬಸವನ ಬೆನ್ನು ಸವರಿದಳು. ಸೂರ್ಯನ ಗುಡಿ ಮುಂದೆ ಮಾತ್ರ ತನಗೇ ಗೊತ್ತಿಲ್ಲದೆ ಚಪ್ಪಲಿ ಬಿಟ್ಟಳು. ಒದ್ದೆ ಹುಲ್ಲಿನ ಮೇಲೆ ಬರಿಗಾಲಲ್ಲಿ ನಿಂತು ಸುತ್ತ ನೋಡಿ ಕೇಳಿದಳು: “ಇಲ್ಲಿ ದೀಪ ಹಚ್ಚೋರು ಯಾರೇ?”

“ಯಾರೂ ಇಲ್ಲಮ್ಮ. ಇದು ದೇವಸ್ಥಾನ ಅಲ್ಲ, ತೋಟಕ್ಕೆ ಅಂತ ಕಟ್ಟಿರೋದು.”

“ಮೂರ್ತಿ ಇದೆಯಲ್ಲೇ?”

ಇದೆ. ಅದು ಬಂದದ್ದು ಲಂಡನ್ನಿನ ಲ್ಯಾಂಬೆತ್‌ನಲ್ಲಿದ್ದ ಕಾರ್ಖಾನೆಯ ಕೋಡ್ ಕಲ್ಲಿನಲ್ಲಿ. ಎಲೀನರ್ ಕೋಡ್ ಎಂಬ ಹೆಣ್ಣುಮಗಳು 1769ರಿಂದ ನಡೆಸಿದ ಉದ್ಯಮ. ಜೇಡಿಮಣ್ಣಿಗೆ ಸುಟ್ಟ ಮಣ್ಣಿನ ಪುಡಿ, ಮರಳು, ಗಾಜಿನ ಪುಡಿ ಎಲ್ಲ ಬೆರೆಸಿ, ಅಚ್ಚಿಗೆ ಒತ್ತಿ, ದಿನಗಟ್ಟಲೆ ಗೂಡಿನಲ್ಲಿ ಸುಟ್ಟರೆ ಕಲ್ಲಿಗಿಂತ ಚೆನ್ನಾಗಿ ಚಳಿ ಮಳೆ ತಾಳುವ ವಸ್ತು ಸಿಗುತ್ತಿತ್ತು. ಗ್ರೀಕ್ ದೇವತೆಗಳಿಂದ ಹಿಡಿದು ಸಿಂಹದವರೆಗೆ ಏನು ಬೇಕಾದರೂ ಅದರಲ್ಲಿ ಮಾಡುತ್ತಿದ್ದರು. ನಮ್ಮ ಸೂರ್ಯನೂ ಆ ಪಟ್ಟಿಗೆ ಸೇರಿದ.

ಡ್ಯಾನಿಯೆಲ್‌ಗೆ ಈ ಮೂರ್ತಿಗಳ ಬಗ್ಗೆ ತಾತ್ಸಾರ ಇತ್ತು ಅಂತ ನನಗೆ ಅನ್ನಿಸುವುದಿಲ್ಲ. ತನ್ನ ಕಾಲದ ಎಷ್ಟೋ ಇಂಗ್ಲಿಷರಿಗಿಂತ ಹೆಚ್ಚು ಕಷ್ಟಪಟ್ಟು ನಮ್ಮ ಗುಡಿಗಳ ಮುಂದೆ ಕೂತು ಬರೆದವನು ಅವನು. ಸೇತುವೆಯ ಬಸವಗಳ ಬಗ್ಗೆ ಚಾರ್ಲ್ಸ್ ಜೊತೆ ಪತ್ರ ವ್ಯವಹಾರ ನಡೆಸುವಷ್ಟು ತಲೆ ಕೆಡಿಸಿಕೊಂಡಿದ್ದ. ಆದರೂ ಅಮ್ಮನ ಪ್ರಶ್ನೆ ಅಲ್ಲೇ ಉಳಿಯುತ್ತೆ. ಶಿವನಿಲ್ಲದ ಬಸವ ಯಾರನ್ನು ನೋಡುತ್ತಾನೆ? ದೀಪ ಇಲ್ಲದ ಸೂರ್ಯ ಗುಡಿಯೋ, ಗೊಂಬೆಮನೆಯೋ? ರೂಪ ಹಡಗು ಹತ್ತಿ ಬಂತು. ಅದರೊಳಗಿದ್ದ ಸಂಬಂಧ ಮಾತ್ರ ಅಲ್ಲೇ ನಮ್ಮ ಊರಲ್ಲೇ ಉಳಿಯಿತು. ಚಿತ್ರಪುಸ್ತಕದಿಂದ ಎಷ್ಟೇ ನಿಖರವಾಗಿ ಇಳಿಸಿಕೊಂಡರೂ ಅದನ್ನು ಇಳಿಸಿಕೊಳ್ಳಲಾಗದು.

ಅಮ್ಮ ಚಪ್ಪಲಿ ಮೆಟ್ಟಿಕೊಳ್ಳುವ ಮುಂಚೆ ಕೈಮುಗಿದಳು. “ಇರಲಿ, ಸೂರ್ಯ ಎಲ್ಲಾ ಕಡೆ ಅವನೇ ತಾನೆ” ಅಂದಳು. ಆ ದಿನ ಮೋಡ ಕವಿದಿತ್ತು ಅನ್ನೋದು ಬೇರೆ ಮಾತು!

ದುಡ್ಡಿನ ದಾರಿ

ಮನೆ ಚೆನ್ನಾಗಿದೆ, ತೋಟ ಚೆನ್ನಾಗಿದೆ. ಖರ್ಚು ಯಾರದ್ದು?

ಕಂಪನಿ ನೌಕರರ ಸಂಬಳ ಹೇಳಿಕೊಳ್ಳುವಂಥದ್ದಾಗಿರಲಿಲ್ಲ. ಸಂಪತ್ತು ಬರುತ್ತಿದ್ದದ್ದು ಖಾಸಗಿ ವ್ಯಾಪಾರ, ಉಡುಗೊರೆ, ಗುತ್ತಿಗೆ, ಬಡ್ಡಿಯಿಂದ. ಹೀಗೆ ಕೂಡಿಟ್ಟ ರೂಪಾಯಿಯನ್ನು ಲಂಡನ್ನಿನ ಪೌಂಡ್ ಮಾಡಿ ಸಾಗಿಸೋದೇ ದೊಡ್ಡ ತಲೆನೋವು. ಅದಕ್ಕೆ ಹುಟ್ಟಿಕೊಂಡವು ಕಲ್ಕತ್ತೆಯ ‘ಏಜೆನ್ಸಿ ಹೌಸ್’ಗಳು. ನೌಕರರು, ಸೇನಾಧಿಕಾರಿಗಳು ತಮ್ಮ ಉಳಿತಾಯವನ್ನು ಅಲ್ಲಿ ಇಡುತ್ತಿದ್ದರು. ಆ ಹಣ ನೀಲಿ, ಅಫೀಮು, ಹಡಗು, ಸಾಲ ಅಂತ ಬೇರೆ ಬೇರೆ ವ್ಯಾಪಾರದಲ್ಲಿ ತಿರುಗುತ್ತಿತ್ತು. ಲಂಡನ್ನಿನಲ್ಲಿ ಹುಂಡಿಯ ಮೂಲಕ ಮರಳಿ ಸಿಗುತ್ತಿತ್ತು. ಇಂಥದೇ ಒಂದು ಸಂಸ್ಥೆಯಲ್ಲಿ ವಿಲಿಯಂ ಪ್ಯಾಕ್ಸ್‌ಟನ್ ಜೊತೆ ಪಾಲುದಾರನಾಗಿದ್ದವನು ನಮ್ಮ ಚಾರ್ಲ್ಸ್. ಅಂದ್ರೆ ಅವನು ತಾನೊಬ್ಬ ದುಡ್ಡು ಮಾಡಿದ್ದಷ್ಟೇ ಅಲ್ಲ, ಇತರ ನೂರಾರು ಜನರ ದುಡ್ಡು ಬಂಗಾಳದಿಂದ ಇಂಗ್ಲೆಂಡಿಗೆ ಹರಿಯುವ ಕಾಲುವೆಯನ್ನೇ ನೋಡಿಕೊಳ್ಳುತ್ತಿದ್ದ.

ಅವನು ಬಂಗಾಳಕ್ಕೆ ಕಾಲಿಟ್ಟದ್ದು 1776ರಲ್ಲಿ ಅಂದೆ. ಬಂಗಾಳದ ಭೀಕರ ಕ್ಷಾಮ ಬಂದು ಹೋಗಿ ಆಗ ಆರೇ ವರ್ಷ. ಲಕ್ಷಾಂತರ ಜನ ಸತ್ತ ನೆಲ. ಕಂದಾಯ ಎತ್ತುವ ಹಕ್ಕು 1765ರಿಂದಲೇ ಕಂಪನಿ ಕೈಯಲ್ಲಿತ್ತು. ಈ ಎರಡು ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದ ಮೇಲೆ ಆರೆಂಜರಿಯ ಕಮಾನುಗಳು ಮೊದಲಿನ ಹಾಗೆ ಬರೀ ಚಂದ ಅಂತ ಕಾಣೋದಿಲ್ಲ.

ಈ ಲೆಕ್ಕ ಕೇಳುವ ಕೆಲಸ ಈಗ ಅಲ್ಲಿಯೇ ನಡೆಯುತ್ತಿದೆ. ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಇತಿಹಾಸಕಾರರು ‘ಈಸ್ಟ್ ಇಂಡಿಯಾ ಕಂಪನಿ ಅಟ್ ಹೋಮ್’ ಎಂಬ ಯೋಜನೆಯಲ್ಲಿ ಇಂಥ ಮನೆಗಳ ಹಿಂದಿನ ಭಾರತದ ನಂಟನ್ನು ಬಿಡಿಸಿಟ್ಟರು. ಸೀಜಿನ್‌ಕೋಟ್ ಅದರಲ್ಲಿ ಒಂದು. 2020ರಲ್ಲಿ ನ್ಯಾಷನಲ್ ಟ್ರಸ್ಟ್ ತನ್ನ ಸುಪರ್ದಿಯಲ್ಲಿರುವ 93 ಸ್ಥಳಗಳಿಗೆ ವಸಾಹತು ಮತ್ತು ಗುಲಾಮಗಿರಿಯ ಜೊತೆಗಿನ ನಂಟನ್ನು ಪಟ್ಟಿ ಮಾಡಿ ಪ್ರಕಟಿಸಿದಾಗ ದೊಡ್ಡ ಗಲಾಟೆಯೇ ಆಯಿತು. ‘ಭಾನುವಾರ ತೋಟ ನೋಡಿ ಟೀ ಕುಡಿಯೋಕೆ ಬರ್ತೀವಿ, ನಮಗ್ಯಾಕೆ ಇದೆಲ್ಲ’ ಅನ್ನುವವರು ಒಂದು ಕಡೆ, ‘ತೋಟದ ದುಡ್ಡು ಎಲ್ಲಿಂದ ಬಂತು ಅಂತ ಗೊತ್ತಿರಬೇಕು’ ಅನ್ನುವವರು ಇನ್ನೊಂದು ಕಡೆ. ನಾನು ಎರಡನೆಯವರ ಪಕ್ಷ. ಹಾಗಂತ ಟೀ ಬಿಡಬೇಕಾಗಿಲ್ಲ.

ರಾಜಕುಮಾರ ಬಂದ, ನೋಡಿದ

1807ರಲ್ಲಿ ಇಲ್ಲಿಗೆ ಒಬ್ಬ ದೊಡ್ಡ ಅತಿಥಿ ಬಂದ, ಮುಂದೆ ನಾಲ್ಕನೇ ಜಾರ್ಜ್ ಆಗಲಿದ್ದ ಯುವರಾಜ. ಇಂಗ್ಲೆಂಡಿನ ದಕ್ಷಿಣ ಕಡಲ ತೀರದ ಬ್ರೈಟನ್‌ನಲ್ಲಿ ಅವನದೊಂದು ವಿಲಾಸದ ಮನೆ ಇತ್ತು. ಅಲ್ಲಿ ಭಾರತೀಯ ಶೈಲಿಯ ಕುದುರೆ ಲಾಯ ಆಗಲೇ ಏಳುತ್ತಿತ್ತು. ತೋಟಶಿಲ್ಪಿ ಹಂಫ್ರಿ ರೆಪ್ಟನ್ ಸೀಜಿನ್‌ಕೋಟ್‌ನ ಕೆಲಸದಲ್ಲೂ ಸಲಹೆ ಕೊಟ್ಟಿದ್ದವನು, ಬ್ರೈಟನ್‌ಗೂ ಭಾರತೀಯ ಶೈಲಿಯ ನಕ್ಷೆ ಹಾಕಿಕೊಟ್ಟ. ಆದರೆ ಕೊನೆಗೆ ಕೆಲಸ ಸಿಕ್ಕಿದ್ದು ಜಾನ್ ನ್ಯಾಶ್‌ಗೆ. 1815ರಿಂದ 1822ರವರೆಗೆ ಅವನು ಕಟ್ಟಿದ ರಾಯಲ್ ಪೆವಿಲಿಯನ್ ಇವತ್ತಿಗೂ ಬ್ರೈಟನ್‌ನ ಗುರುತು. ಅದರ ಪಕ್ಕ ಸೀಜಿನ್‌ಕೋಟ್ ಸಂಕೋಚದ ಹುಡುಗಿ. ಪೆವಿಲಿಯನ್ ಗುಮ್ಮಟಗಳ ಜಾತ್ರೆ, ಇಲ್ಲಿರೋದು ಒಂದೇ ಗುಮ್ಮಟ, ಅದೂ ಮರಗಳ ಮರೆಯಲ್ಲಿ.

ಆಮೇಲೆ ಇಂಗ್ಲೆಂಡಿನಲ್ಲಿ ಈ ಶೈಲಿ ಹೆಚ್ಚು ಬೆಳೆಯಲಿಲ್ಲ. ಆದರೆ ವಿಚಿತ್ರ ನೋಡಿ, ಅದೇ ಯೋಚನೆ ಹಲವು ದಶಕಗಳ ನಂತರ ಭಾರತದಲ್ಲಿ ಬೇರೆ ವೇಷದಲ್ಲಿ ಎದ್ದಿತು. ಇಂಡೋ-ಸಾರ್ಸೆನಿಕ್ ಅಂತ ಕರೆಯುವ ಶೈಲಿ. ಬ್ರಿಟಿಷ್ ಎಂಜಿನಿಯರುಗಳು ನಮ್ಮದೇ ಗುಮ್ಮಟ, ಕಮಾನು, ಛತ್ರಿಗಳನ್ನು ಜೋಡಿಸಿ ನಮಗೇ ಕಟ್ಟಿಕೊಟ್ಟರು. ಹೆನ್ರಿ ಇರ್ವಿನ್ ನಕ್ಷೆ ಹಾಕಿ, 1897ರಿಂದ 1912ರವರೆಗೆ ಎದ್ದ ಮೈಸೂರು ಅರಮನೆ ಅದರ ಅತಿ ಪ್ರಸಿದ್ಧ ಉದಾಹರಣೆ. ಇತ್ತ 1870ರ ದಶಕದ ಬೆಂಗಳೂರು ಅರಮನೆ ಪೂರ್ತಿ ಇಂಗ್ಲಿಷ್ ವೇಷ, ಟ್ಯೂಡರ್ ಶೈಲಿಯ ಗೋಪುರ, ಗೋಡೆ ತುಂಬ ಬಳ್ಳಿ. ಇಂಗ್ಲೆಂಡಿನ ಗುಡ್ಡದ ಮೇಲೆ ಆಗ್ರಾ, ಬೆಂಗಳೂರಿನ ಮಧ್ಯೆ ಇಂಗ್ಲೆಂಡ್! ಒಂದು ವ್ಯತ್ಯಾಸ ಇದೆ. ಅಲ್ಲಿ ಗೆದ್ದವನು ಸೋತವರ ಉಡುಪು ತೊಟ್ಟು ನೋಡಿದ. ಇಲ್ಲಿ ಆಳಿಸಿಕೊಂಡವರು ಆಳಿದವರ ಉಡುಪು ಹೊಲಿಸಿಕೊಂಡರು. ಕನ್ನಡಿಯಲ್ಲಿ ಎರಡೂ ಚಂದವೇ ಕಾಣುತ್ತವೆ.

ಉಳಿದದ್ದು ಹೇಗೆ?

ಸರ್ ಚಾರ್ಲ್ಸ್ 1837ರಲ್ಲಿ ತೀರಿಕೊಂಡ. 1884ರಲ್ಲಿ ಅವನ ವಂಶದವರು ಮನೆಯನ್ನು ಡಗ್‌ಡೇಲ್ ಕುಟುಂಬಕ್ಕೆ ಮಾರಿದರು. ಆ ಕುಟುಂಬದ ಹುಡುಗನ ಗೆಳೆಯನಾಗಿ 1920ರ ದಶಕದಲ್ಲಿ ಇಲ್ಲಿಗೆ ಬಂದುಹೋಗುತ್ತಿದ್ದ ಆಕ್ಸ್‌ಫರ್ಡ್ ವಿದ್ಯಾರ್ಥಿ ಜಾನ್ ಬೆಟ್ಜಮನ್. ಮುಂದೆ ಬ್ರಿಟನ್ನಿನ ಆಸ್ಥಾನ ಕವಿಯಾದ, ಹಳೆಯ ಕಟ್ಟಡಗಳನ್ನು ಉಳಿಸಲು ಜೀವಮಾನವಿಡೀ ಜಗಳವಾಡಿದ. ತನ್ನ ಆತ್ಮಕಥನ ಕಾವ್ಯದಲ್ಲಿ ಈ ಮನೆಯನ್ನು ನೆನೆದಿದ್ದಾನೆ.

1944ರಲ್ಲಿ, ಮಹಾಯುದ್ಧ ಇನ್ನೂ ಮುಗಿಯದ ಹೊತ್ತಿನಲ್ಲಿ, ಬ್ಯಾಂಕರ್ ಸಿರಿಲ್ ಕ್ಲೈನ್‌ವರ್ಟ್ ದಂಪತಿ ಇದನ್ನು ಕೊಂಡರು. ಅದು ಇಂಗ್ಲೆಂಡಿನ ಹಳ್ಳಿಬಂಗಲೆಗಳಿಗೆ ಕೆಟ್ಟ ಕಾಲ. ವಾರಸು ತೆರಿಗೆ ಏರಿತ್ತು, ಜಮೀನಿನ ಆದಾಯ ಇಳಿದಿತ್ತು, ಮನೆಗೆಲಸಕ್ಕೆ ಜನ ಸಿಗುತ್ತಿರಲಿಲ್ಲ. ಎಷ್ಟೋ ಮನೆಗಳನ್ನು ಮಾಲೀಕರೇ ಕೆಡವಿಸಿ ಕಲ್ಲು, ಮರ, ಸೀಸ ಮಾರಿಕೊಂಡರು. 1974ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ‘ಹಳ್ಳಿಬಂಗಲೆಯ ವಿನಾಶ’ ಎಂಬ ಪ್ರದರ್ಶನ ಇಟ್ಟಾಗ, ಅಷ್ಟರಲ್ಲಿ ನೆಲಸಮವಾಗಿದ್ದ ಮನೆಗಳ ಸಂಖ್ಯೆ ಸಾವಿರ ದಾಟಿತ್ತು.

ಸೀಜಿನ್‌ಕೋಟ್‌ಗೆ ಅದೃಷ್ಟ ಇತ್ತು. ಹೊಸ ಒಡೆಯರು ಮನೆಯನ್ನು ಸರಿಪಡಿಸಿದರು. ತೋಟಗಾರಿಕೆ ತಜ್ಞ ಗ್ರಹಾಂ ಸ್ಟುವರ್ಟ್ ಥಾಮಸ್ ಸಲಹೆಯೊಂದಿಗೆ ಲೇಡಿ ಕ್ಲೈನ್‌ವರ್ಟ್ ತೋಟಕ್ಕೆ ಮರುಜೀವ ಕೊಟ್ಟರು. 1960ರ ದಶಕದಲ್ಲಿ ಭಾರತ ನೋಡಿಬಂದ ಮೇಲೆ ದಕ್ಷಿಣದ ಹುಲ್ಲುಹಾಸಿನಲ್ಲಿ ಮೊಘಲ್ ಮಾದರಿಯ ನೀರಿನ ಕಾಲುವೆಗಳ ತೋಟ ಬಂತು. ಮೊಘಲ್ ತೋಟದಲ್ಲಿರಬೇಕಾದ ಸೈಪ್ರೆಸ್ ಬದಲು ಇಲ್ಲಿನ ಚಳಿ ತಡೆಯುವ ಐರಿಷ್ ಯೂ ಮರಗಳನ್ನು ನೆಟ್ಟರು. ಅಂದ್ರೆ ಇಲ್ಲಿನ ಅತಿ ‘ಭಾರತೀಯ’ ದೃಶ್ಯಗಳಲ್ಲಿ ಒಂದು ನಮ್ಮ ಅಪ್ಪ ಅಮ್ಮಂದಿರ ಕಾಲದ್ದು!

ಕಾನೂನೂ ಬೆನ್ನಿಗೆ ನಿಂತಿತು. 1940ರ ದಶಕದಲ್ಲಿ ಶುರುವಾದ ವ್ಯವಸ್ಥೆಯಂತೆ ಇಂಗ್ಲೆಂಡಿನಲ್ಲಿ ಮಹತ್ವದ ಕಟ್ಟಡಗಳ ಪಟ್ಟಿ ಇದೆ. ಮೂರು ದರ್ಜೆ. ಅತಿ ಮೇಲಿನದು ಗ್ರೇಡ್ ಒಂದು, ಪಟ್ಟಿಯಲ್ಲಿರುವ ಕಟ್ಟಡಗಳಲ್ಲಿ ನೂರಕ್ಕೆ ಎರಡೂವರೆಯಷ್ಟಕ್ಕೆ ಮಾತ್ರ ಸಿಗುವಂಥದ್ದು. ಸೀಜಿನ್‌ಕೋಟ್ ಮನೆಗೂ ಆ ದರ್ಜೆ, ಅದರ ತೋಟಕ್ಕೂ ತೋಟಗಳ ಪಟ್ಟಿಯಲ್ಲಿ ಅದೇ ದರ್ಜೆ. ಮನೆ ಖಾಸಗಿಯದ್ದೇ, ಕುಟುಂಬ ಅಲ್ಲೇ ವಾಸ ಮಾಡುತ್ತೆ. ಆದರೂ ಅದರ ಸ್ವರೂಪಕ್ಕೆ ಧಕ್ಕೆ ತರುವ ಯಾವ ಬದಲಾವಣೆಗೂ ಅನುಮತಿ ಬೇಕು. ಹೊರಗಿನ ಗುಮ್ಮಟಕ್ಕಷ್ಟೇ ಅಲ್ಲ, ಒಳಗಿನ ಮೆಟ್ಟಿಲಿಗೂ. ಅನುಮತಿ ಇಲ್ಲದೆ ಕೈಹಾಕಿದರೆ ಅದು ಕ್ರಿಮಿನಲ್ ಅಪರಾಧ.

ಇದನ್ನು ಓದಿದಾಗ ನನಗೊಂದು ಯೋಚನೆ ಬಂತು. ಕಾನೂನು ಕಲ್ಲನ್ನು ಕಾಯುತ್ತೆ, ಆನಿಕೆಯನ್ನು ಕಾಯುತ್ತೆ, ಬಸವನ ಕೊಂಬನ್ನೂ ಕಾಯುತ್ತೆ. ಕಥೆಯನ್ನು ಕಾಯುವ ದರ್ಜೆ ಯಾವ ಪಟ್ಟಿಯಲ್ಲೂ ಇಲ್ಲ. ಅದನ್ನು ಹೇಳುವವರೇ ಕಾಯಬೇಕು, ಕೇಳುವವರು ಕೇಳಿ ಪಡೆಯಬೇಕು. ಈ ಮನೆ ಬಿದ್ದು ಹೋಗಿದ್ದರೆ ನ್ಯಾಯವೇನೂ ಆಗುತ್ತಿರಲಿಲ್ಲ, ಸಾಕ್ಷಿಯೊಂದು ಕಳೆದುಹೋಗುತ್ತಿತ್ತು ಅಷ್ಟೇ. ಹಾಗಾಗಿ ಅದು ಗಟ್ಟಿಯಾಗಿ ನಿಂತಿರಲಿ ಅನ್ನುವವರಲ್ಲಿ ನಾನೂ ಒಬ್ಬಳು.

ನೀವು ಹೋಗೋದಾದ್ರೆ

ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣದಿಂದ ಮೊರ್ಟನ್-ಇನ್-ಮಾರ್ಷ್‌ಗೆ ನೇರ ರೈಲು ಇದೆ, ಸುಮಾರು ಒಂದೂವರೆ ಗಂಟೆ. ಅಲ್ಲಿಂದ ಟ್ಯಾಕ್ಸಿ, ಅಥವಾ ನಡೆಯುವ ಹುಮ್ಮಸ್ಸಿದ್ದರೆ ಹೊಲಗಳ ನಡುವಿನ ಕಾಲುದಾರಿ. ಖಾಸಗಿ ಮನೆಯಾದ್ದರಿಂದ ದಿನವೂ ತೆರೆದಿರೋದಿಲ್ಲ. ಬೇಸಿಗೆ ತಿಂಗಳುಗಳಲ್ಲಿ, ವಾರದ ಕೆಲವೇ ಮಧ್ಯಾಹ್ನ ಮಾತ್ರ ಮನೆಯೊಳಗೆ ಬಿಡುತ್ತಾರೆ. ಹೊರಡುವ ಮೊದಲು ಅವರ ವೆಬ್‌ಸೈಟ್ ನೋಡಿಕೊಳ್ಳಿ. ಆರೆಂಜರಿಯಲ್ಲಿ ಟೀ ಸಿಗುತ್ತೆ.

ಮೊದಲು ತೋಟ ನೋಡಿ, ಆಮೇಲೆ ಮನೆ. ಕೆಳಗಿನ ಹಾವಿನ ಕೊಳದಿಂದ ನೀರಿನ ಜೊತೆಗೇ ಮೇಲಕ್ಕೆ ಹತ್ತುತ್ತಾ ಹೋಗಿ. ಸೇತುವೆಯ ಕೆಳಗೆ ಐದು ನಿಮಿಷ ಫೋನ್ ಜೇಬಿಗಿಟ್ಟು ಕೂತುಕೊಳ್ಳಿ. ಮಕ್ಕಳು ಜೊತೆಗಿದ್ದರೆ ಬಸವ ತೋರಿಸಿ, ಟಿಪ್ಪು ಯುದ್ಧ ಕಂಡ ಕರ್ನಲ್ ಕಥೆ ಹೇಳಿ, ರಾಯಕೋಟೆಯ ಚಿತ್ರ ಬರೆದ ಅಪ್ಪ-ಮಗನಂಥ ಆ ಇಬ್ಬರು ಚಿತ್ರಕಾರರ ಕಥೆ ಹೇಳಿ. ‘ಈ ಮನೆ ಕಟ್ಟೋಕೆ ದುಡ್ಡು ಎಲ್ಲಿಂದ ಬಂತು?’ ಅಂತ ಅವರು ಕೇಳಿದರೆ ಅದಕ್ಕೂ ಉತ್ತರ ಕೊಡಿ. ಚಂದದ ಮನೆಗಳ ಮುಂದೆ ನಿಂತು ಮಕ್ಕಳು ಕೇಳಬೇಕಾದ ಪ್ರಶ್ನೆ ಅದೇ.